ಏಳನೆಯ ತರಗತಿಯಿಂದ ಎಂಟನೆಯ ತರಗತಿಗೆ ಐದು ಕಿಲೋಮೀಟರ್

ನಮ್ಮ ಹೆಣ್ಣುಮಕ್ಕಳ ಶಿಕ್ಷಣದ ಬಗ್ಗೆ ಸಭೆ ಸಮಾರಂಭಗಳಲ್ಲಿ ಮಾತಾಡುವವರು ಸಾಮಾನ್ಯವಾಗಿ ಪದವಿಯ ಬಗ್ಗೆ, ಡಾಕ್ಟರು ಇಂಜಿನಿಯರು ಆಗುವುದರ ಬಗ್ಗೆ ಮಾತಾಡುತ್ತಾರೆ. ಕೇಳಲು ಚೆನ್ನಾಗಿಯೇ ಇರುತ್ತದೆ. ಆದರೆ ಹುಡುಗಿಯರು ಶಾಲೆ ಬಿಡುತ್ತಿದ್ದುದು ಅಷ್ಟು ಎತ್ತರಕ್ಕೆ ಹೋದ ಮೇಲಲ್ಲ, ಏಳನೆಯ ತರಗತಿ ಮುಗಿದ ಬೇಸಿಗೆ ರಜೆಯಲ್ಲಿ. ಏಪ್ರಿಲ್‌ನಲ್ಲಿ ಫಲಿತಾಂಶ ಬರುತ್ತಿತ್ತು, ಮೇ ತಿಂಗಳಲ್ಲಿ ಮನೆಯಲ್ಲಿ ಮಾತುಕತೆ ನಡೆಯುತ್ತಿತ್ತು, ಜೂನ್ ಬಂದಾಗ ಹುಡುಗಿ ಮನೆಯಲ್ಲೇ ಉಳಿದಿರುತ್ತಿದ್ದಳು. "ಶಾಲೆ ಬಿಡಿಸಿದೆವು" ಎಂದು ಯಾರೂ ಹೇಳುತ್ತಿರಲಿಲ್ಲ. "ಖುರ್‌ಆನ್ ಓದಲು ಬರುತ್ತದೆ, ಕಾಗದ ಬರೆಯಲು ಬರುತ್ತದೆ, ಇನ್ನೇನು ಬೇಕು" ಎನ್ನುತ್ತಿದ್ದರು ಅಷ್ಟೆ.

1993ರಲ್ಲಿ ನನ್ನ ಜೊತೆ ಉರ್ದು ಶಾಲೆಯಲ್ಲಿ ಏಳನೆಯ ತರಗತಿ ಪಾಸಾದ ಹುಡುಗಿಯರು ಹನ್ನೊಂದು ಮಂದಿ. ಎಂಟನೆಯ ತರಗತಿಗೆ ಸೇರಿದವರು ಮೂವರು. ಉಳಿದ ಎಂಟು ಮಂದಿ ದಡ್ಡಿಯರೇನೂ ಆಗಿರಲಿಲ್ಲ. ಅವರಲ್ಲಿ ಇಬ್ಬರು ನನಗಿಂತ ಹೆಚ್ಚು ಅಂಕ ಪಡೆದವರು. ಅವರ ತಂದೆಯರು ಶಿಕ್ಷಣದ ವಿರೋಧಿಗಳೂ ಆಗಿರಲಿಲ್ಲ. ಗಂಡುಮಕ್ಕಳನ್ನು ಓದಿಸಿದವರೇ ಅವರು. ಹಾಗಾದರೆ ತೊಡಕು ಎಲ್ಲಿತ್ತು? ಇಷ್ಟು ವರ್ಷ ಪಾಠ ಹೇಳಿದ ಮೇಲೆ ನನಗೆ ಅನಿಸುವುದು, ಅದು ದಾರಿಯಲ್ಲಿತ್ತು. ನಮ್ಮ ಮನೆಗೂ ಹೈಸ್ಕೂಲಿಗೂ ನಡುವಿನ ಸುಮಾರು ಐದು ಕಿಲೋಮೀಟರ್ ದಾರಿಯಲ್ಲಿ.

ಅಂತರಸನಹಳ್ಳಿ ಈಗ ತುಮಕೂರು ನಗರಕ್ಕೆ ಅಂಟಿಕೊಂಡೇ ಇದೆ. ಕೈಗಾರಿಕಾ ಪ್ರದೇಶ, ತರಕಾರಿ ಮಾರುಕಟ್ಟೆ, ಬೆಳಗಿನ ಜಾವವೇ ಸಾಲುಗಟ್ಟಿ ನಿಲ್ಲುವ ಲಾರಿ ಟೆಂಪೋಗಳು, ಮೇಲೆ ಹರಿಯುವ ಅಗಲವಾದ ಹೆದ್ದಾರಿ. ಇವತ್ತು ನೋಡಿದವರಿಗೆ ಇದು ಒಂದು ಕಾಲಕ್ಕೆ ಹಳ್ಳಿಯಾಗಿತ್ತೆಂದರೆ ನಂಬಿಕೆ ಬರುವುದಿಲ್ಲ. ನಾನು ಹೇಳುತ್ತಿರುವ ಕಾಲದಲ್ಲಿ ಶಿರಾ ರಸ್ತೆ ಎರಡು ಲಾರಿ ಎದುರುಬದುರು ಬಂದರೆ ಮಣ್ಣಿಗೆ ಇಳಿಯಬೇಕಾದಷ್ಟೇ ಅಗಲವಿತ್ತು. ಅದಕ್ಕೆ ನಾಲ್ಕನೇ ನಂಬರಿನ ರಾಷ್ಟ್ರೀಯ ಹೆದ್ದಾರಿ ಎಂದು ಹೆಸರು. ಈಗ ಅದರ ನಂಬರು 48. ಬೆಂಗಳೂರು, ಪುಣೆ ನಡುವಿನ ಲಾರಿಗಳೆಲ್ಲ ನಮ್ಮ ಮನೆಗಳ ಮುಂದೆಯೇ ಹೋಗುತ್ತಿದ್ದವು. ನಮ್ಮಂಥ ಮನೆಗಳಿಗೆ ಹೈಸ್ಕೂಲು ಎಂದರೆ ತುಮಕೂರು, ತುಮಕೂರು ಎಂದರೆ ಈ ರಸ್ತೆ.

ಶಿರಾ ಕಡೆಯಿಂದ ಬರುವ ಬಸ್ಸುಗಳು ತುಂಬಿಕೊಂಡೇ ಬರುತ್ತಿದ್ದವು. ಪಾಸು ಹಿಡಿದು ನಿಂತ ಮಕ್ಕಳನ್ನು ಕಂಡರೆ ಕೆಲವು ಡ್ರೈವರುಗಳು ನಿಲ್ಲಿಸದೆ ಹೋಗುತ್ತಿದ್ದರು. ನಿಲ್ಲಿಸಿದರೂ ಫುಟ್‌ಬೋರ್ಡಿನ ಮೇಲೆ ಗಂಡಸರ ನಡುವೆ ನಿಲ್ಲಬೇಕು. ಇದು ಗಂಡುಹುಡುಗರಿಗೆ ಆಟ, ಹುಡುಗಿಯ ತಂದೆಗೆ ಸಂಕಟ. ಅಬ್ಬಾ ಒಂದು ದಿನ ಬಸ್ ಸ್ಟಾಪಿನಲ್ಲಿ ನಿಂತು ಇದನ್ನೆಲ್ಲ ಕಣ್ಣಾರೆ ನೋಡಿ ಬಂದು, ಊಟಕ್ಕೆ ಕುಳಿತವರು ತಟ್ಟೆ ಪಕ್ಕಕ್ಕೆ ಸರಿಸಿ, "ನಡೆದುಕೊಂಡು ಹೋಗುವುದಾದರೆ ನೋಡೋಣ, ಆದರೆ ಒಬ್ಬಳನ್ನೇ ಕಳಿಸುವುದಿಲ್ಲ" ಎಂದರು. ದಾದಿ ಅದಕ್ಕೂ ಒಪ್ಪಲಿಲ್ಲ. ಅಮ್ಮೀ ಏನೂ ಮಾತಾಡಲಿಲ್ಲ. ಅಮ್ಮೀ ಮಾತಾಡದೆ ಇದ್ದಾಗಲೇ ಏನಾದರೂ ಮಾಡುತ್ತಿದ್ದರು ಎಂಬುದು ನನಗೆ ಆಮೇಲೆ ಗೊತ್ತಾಯಿತು.

ಮಾರನೆಯ ದಿನ ಹಿಂದಿನ ಬೀದಿಯ ಗೌಡರ ಮನೆಯ ಯಜಮಾನರು ನಮ್ಮ ಬಾಗಿಲಿಗೆ ಬಂದು, "ಸಾಬ್ರೇ, ನಮ್ಮ ಹುಡುಗಿ ಒಂಬತ್ತನೇ ಕ್ಲಾಸಿಗೆ ಹೋಗ್ತಾಳೆ. ಒಬ್ಬಳೇ ಹೋಗೋಕೆ ನಮಗೂ ಭಯ. ನಿಮ್ಮ ಮಗಳನ್ನ ಜೊತೆಗೆ ಕಳಿಸಿದ್ರೆ ನಮಗೂ ಅನುಕೂಲ" ಎಂದರು. ಅಮ್ಮೀ ಹಿಂದಿನ ಸಂಜೆ ಅವರ ಮನೆಗೆ ಮೊಸರು ಕೇಳುವ ನೆಪದಲ್ಲಿ ಹೋಗಿದ್ದರು. ಬೇರೆಯವರ ಮಗಳ ರಕ್ಷಣೆಗೆ ನಮ್ಮ ಮಗಳು ಬೇಕು ಎಂದಾಗ ಅಬ್ಬಾಗೆ ಇಲ್ಲ ಎನ್ನಲಾಗಲಿಲ್ಲ. ಈ ಸುದ್ದಿ ತಿಳಿದು ನಮ್ಮ ಮೊಹಲ್ಲಾದ ಇನ್ನಿಬ್ಬರು ತಂದೆಯರೂ ಒಪ್ಪಿದರು. ಹೀಗೆ ಜೂನ್‌ನಲ್ಲಿ ನಾವು ನಾಲ್ವರಾದೆವು. ಮೂವರು ಬಿಳಿ ಓಢಣಿಯವರು, ಒಬ್ಬಳು ಎರಡು ಜಡೆಯವಳು.

ಆ ಶಾಲೆಯ ಹೆಸರು ಇಲ್ಲಿ ಬೇಡ. ಅದರ ಋಣವೂ ನನ್ನ ಮೇಲಿದೆ, ಅದರ ಬಗ್ಗೆ ಒಂದೆರಡು ದೂರುಗಳೂ ಇವೆ. ತುಮಕೂರಿನಲ್ಲಿ ಹೆಣ್ಣುಮಕ್ಕಳ ಹೈಸ್ಕೂಲು ಎಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಎಂಪ್ರೆಸ್. ಗಂಡುಮಕ್ಕಳಿಗಾದರೆ ಕ್ಯಾತ್ಸಂದ್ರದ ಬಳಿ ಸಿದ್ಧಗಂಗಾ ಮಠವಿತ್ತು. 2019ರಲ್ಲಿ ತೀರಿಕೊಂಡ ಶಿವಕುಮಾರ ಸ್ವಾಮೀಜಿಯವರು ಜಾತಿ ಧರ್ಮ ಕೇಳದೆ ಸಾವಿರಾರು ಬಡ ಮಕ್ಕಳಿಗೆ ಅನ್ನ, ವಸತಿ, ವಿದ್ಯೆ ಕೊಟ್ಟ ಜಾಗ ಅದು. ಅಲ್ಲಿ ಓದಿದ ಮುಸ್ಲಿಂ ಹುಡುಗರೂ ಇದ್ದಾರೆ. ಉಳಿಯುವ ಜಾಗವೂ ಓದುವ ಜಾಗವೂ ಒಂದೇ ಆದಾಗ ದಾರಿಯ ಪ್ರಶ್ನೆಯೇ ಏಳುವುದಿಲ್ಲ. ನಮ್ಮ ಹುಡುಗಿಯರಿಗೆ ಆ ಅನುಕೂಲ ಎಲ್ಲಿತ್ತು?

ದಾರಿಯ ಕಷ್ಟ ನೀಗಿದ ಮೇಲೆ ಎದುರಾದದ್ದು ಭಾಷೆಯ ಕಷ್ಟ. ಏಳು ವರ್ಷ ಉರ್ದುವಿನಲ್ಲಿ ಓದಿದವಳು ನಾನು. ಕನ್ನಡ ಒಂದು ವಿಷಯವಾಗಿ ಇತ್ತು ಅಷ್ಟೆ, ಅದೂ ಪದ್ಯ ಬಾಯಿಪಾಠ ಮಾಡಿ ಪಾಸಾಗುವಷ್ಟು. ಇಲ್ಲಿ ಸಮಾಜ, ವಿಜ್ಞಾನ, ಗಣಿತ ಎಲ್ಲವೂ ಕನ್ನಡದಲ್ಲಿ. ಮೊದಲ ವಾರ ನಾನು ನೋಟ್ ಪುಸ್ತಕವನ್ನು ಹಿಂದಿನ ಪುಟದಿಂದ ಬರೆಯಲು ಶುರು ಮಾಡಿದ್ದೆ. ಉರ್ದು ಪುಸ್ತಕ ಹಾಗೆಯೇ ತೆರೆದುಕೊಳ್ಳುತ್ತದೆ ತಾನೆ! ಪಕ್ಕದ ಹುಡುಗಿಯರು ನಕ್ಕರು. ವಿಜ್ಞಾನದ ಮೇಡಂ "ದ್ಯುತಿಸಂಶ್ಲೇಷಣೆ" ಎಂದು ಬೋರ್ಡಿನ ಮೇಲೆ ಬರೆದರೆ ನನಗೆ ಅದು ಒಂದು ಪದವೋ ಇಡೀ ವಾಕ್ಯವೋ ತಿಳಿಯದು. ಗಿಡ ಬಿಸಿಲಿನಿಂದ ಅಡುಗೆ ಮಾಡಿಕೊಳ್ಳುತ್ತದೆ ಎಂಬ ವಿಷಯ ಮಾತ್ರ ಗೊತ್ತಿತ್ತು, ಅದರ ಹೆಸರು ಗೊತ್ತಿರಲಿಲ್ಲ. ಮೊದಲ ಕಿರುಪರೀಕ್ಷೆಯಲ್ಲಿ ಕನ್ನಡಕ್ಕೆ ಇಪ್ಪತ್ತೈದಕ್ಕೆ ಏಳು ಬಂತು.

ಕನ್ನಡ ಮೇಷ್ಟ್ರು ಉತ್ತರ ಪತ್ರಿಕೆ ಕೊಡುವಾಗ ಬೈಯಲಿಲ್ಲ. "ನಿಮ್ಮಪ್ಪ ಮನೆಗೆ ಪೇಪರ್ ತರಿಸ್ತಾರೇನಮ್ಮ?" ಎಂದು ಕೇಳಿದರು. ಇಲ್ಲ ಸಾರ್ ಎಂದೆ. ಅಂದಿನಿಂದ ಹಿಂದಿನ ದಿನದ ಪತ್ರಿಕೆಯನ್ನು ಮಡಿಸಿ ನನ್ನ ಬೆಂಚಿನ ಮೇಲೆ ಇಡತೊಡಗಿದರು. "ಒಂದು ಸುದ್ದಿಯನ್ನ ಜೋರಾಗಿ ಓದು, ಮನೆಯವರಿಗೆ ಅರ್ಥ ಹೇಳು." ಇದೇ ಹೋಮ್‌ವರ್ಕ್. ನಾನು ಸಂಜೆ ಒಲೆಯ ಮುಂದೆ ಕುಳಿತು ಓದುವುದು, ಅಮ್ಮೀಗೆ ದಖನಿಯಲ್ಲಿ ಹೇಳುವುದು. ಅಮ್ಮೀಗೆ ಸಿನಿಮಾ ಸುದ್ದಿ ಬೇಡ, ಮಾರುಕಟ್ಟೆಯ ದರ ಬೇಕು. ಹೀಗಾಗಿ ನನಗೆ ಕನ್ನಡದಲ್ಲಿ ಮೊದಲು ಚೆನ್ನಾಗಿ ಓದಲು ಬಂದದ್ದು ಕೊಬ್ಬರಿ, ಹುಣಸೆ, ರಾಗಿಯ ಧಾರಣೆ!

ಹೀಗೆ ಒಂದು ಲಿಪಿಯಿಂದ ಇನ್ನೊಂದಕ್ಕೆ ದಾಟಿದವರು ನಾವು ಮಾತ್ರವೇ ಅಲ್ಲ. 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಹಾಸನದ ಬಾನು ಮುಷ್ತಾಕ್ ಅವರ ಮನೆಮಾತು ಉರ್ದು. ಎಂಟು ವರ್ಷದವರಿದ್ದಾಗ ಶಿವಮೊಗ್ಗದ ಕನ್ನಡ ಮಾಧ್ಯಮದ ಮಿಷನರಿ ಶಾಲೆಗೆ ಅವರನ್ನು ಸೇರಿಸಿಕೊಂಡದ್ದು ಆರು ತಿಂಗಳೊಳಗೆ ಕನ್ನಡ ಓದಿ ಬರೆಯಲು ಕಲಿಯಬೇಕೆಂಬ ಷರತ್ತಿನ ಮೇಲೆ. ಕೆಲವೇ ದಿನಗಳಲ್ಲಿ ಅವರು ಬರೆಯತೊಡಗಿದರಂತೆ. ಅತ್ತ ಕಾಸರಗೋಡಿನಲ್ಲಿ, 1936ರಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರು ಮನೆಯಲ್ಲಿ ಮಲಯಾಳ ಆಡುತ್ತಲೇ ಕನ್ನಡ ಶಾಲೆಯಲ್ಲಿ ಓದಿದರು. ಅವರ ಸಮುದಾಯದ ಹುಡುಗಿಯರು ಹೈಸ್ಕೂಲಿನ ಮೆಟ್ಟಿಲು ಹತ್ತದ ಕಾಲ ಅದು. ಮದುವೆಯಾಗಿ, ಮಕ್ಕಳಾಗಿ, ಎಷ್ಟೋ ವರ್ಷಗಳ ನಂತರ 'ಚಂದ್ರಗಿರಿಯ ತೀರದಲ್ಲಿ' ಬರೆದರು. ಇವರ ಎಲ್ಲ ಅಭಿಪ್ರಾಯಗಳನ್ನೂ ನಾನು ಒಪ್ಪುತ್ತೇನೆಂದಲ್ಲ. ಕೆಲವನ್ನು ಓದಿ ಮನಸ್ಸಿನಲ್ಲೇ ಜಗಳವಾಡಿದ್ದೇನೆ. ಆದರೆ ಅವರ ಜೊತೆ ಜಗಳವಾಡಲಿಕ್ಕೂ ಕನ್ನಡ ಬರಬೇಕಲ್ಲ, ಸಹೋದರಿಯರೇ.

ಒಂಬತ್ತನೆಯ ತರಗತಿಯಲ್ಲಿದ್ದಾಗ, 1994ರ ಅಕ್ಟೋಬರ್‌ನಲ್ಲಿ, ಬೆಂಗಳೂರು ದೂರದರ್ಶನ ಉರ್ದು ವಾರ್ತೆ ಶುರು ಮಾಡಿತು. ಹತ್ತು ನಿಮಿಷದ ವಾರ್ತೆ. ಅದಕ್ಕಾಗಿ ಗಲಭೆಯೆದ್ದು ಇಪ್ಪತ್ತಕ್ಕೂ ಹೆಚ್ಚು ಜೀವಗಳು ಹೋದವು, ವಾರ್ತೆ ನಿಂತಿತು. ತುಮಕೂರು ಬೆಂಗಳೂರಿಗೆ ಎಪ್ಪತ್ತು ಕಿಲೋಮೀಟರ್. ಸುದ್ದಿ ಬೇಗ ಬರುತ್ತಿತ್ತು, ಸುದ್ದಿಗಿಂತ ಮೊದಲು ಗಾಳಿಮಾತು ಬರುತ್ತಿತ್ತು. ಅಬ್ಬಾ ನಮ್ಮನ್ನು ಹೊರಗೆ ಕಳಿಸಲಿಲ್ಲ. ದಾದಿಗೆ ತಾನು ಹೇಳಿದ್ದೇ ನಿಜವಾಯಿತು ಎಂಬ ಸಮಾಧಾನ. ಆ ಒಂದು ವಾರದಲ್ಲಿ ನನ್ನ ಓದು ನಿಂತೇ ಹೋಗುವುದರಲ್ಲಿತ್ತು. ಗೌಡರ ಮನೆಯ ಹುಡುಗಿಯನ್ನೂ ಅವರ ಮನೆಯವರು ಕಳಿಸಲಿಲ್ಲ, ಜೊತೆಗೆ ನಾನಿಲ್ಲವೆಂದು. ಎಂಟನೆಯ ದಿನ ಅವಳೇ ಬ್ಯಾಗ್ ಹಾಕಿಕೊಂಡು ನಮ್ಮ ಅಂಗಳದಲ್ಲಿ ಬಂದು ನಿಂತು, "ಅಮ್ಮ, ಇವಳು ಬರದಿದ್ರೆ ನನ್ನ ಎಸ್ಸೆಸ್ಸೆಲ್ಸಿ ಹಾಳಾಗುತ್ತೆ" ಎಂದಳು. ಅಮ್ಮೀ ನನ್ನ ಓಢಣಿ ತಂದು ಕೈಗೆ ಕೊಟ್ಟರು.

ಶಾಲೆಯಲ್ಲಿ ಏನು ಕೇಳಬೇಕಾಗುತ್ತದೋ ಎಂಬ ಅಳುಕು ನನಗಿತ್ತು. ಆ ದಿನ ಕನ್ನಡ ಮೇಷ್ಟ್ರು ಪಾಠ ಮಾಡಲಿಲ್ಲ. ನಿತ್ಯೋತ್ಸವದ ಹಾಡನ್ನು ಇಡೀ ತರಗತಿಯಿಂದ ಹಾಡಿಸಿದರು. ಎಲ್ಲರಿಗೂ ಬಾಯಿಪಾಠವಿದ್ದ ಹಾಡು ಅದು. ಹಾಡು ಮುಗಿದ ಮೇಲೆ, "ಇದನ್ನ ಬರೆದೋರು ಯಾರು?" ಎಂದರು. "ನಿಸಾರ್ ಅಹಮದ್ ಸಾರ್" ಎಂದಿತು ತರಗತಿ. "ಅವರ ಮನೆಯಲ್ಲಿ ಯಾವ ಮಾತು ಆಡ್ತಾರೆ, ಗೊತ್ತೇನ್ರೋ?" ಯಾರೂ ಉತ್ತರಿಸಲಿಲ್ಲ. "ಸರಿ, ಪುಸ್ತಕ ತೆಗೀರಿ" ಎಂದರು. ಅಷ್ಟೆ. 2020ರ ಮೇ ತಿಂಗಳಲ್ಲಿ, ಲಾಕ್‌ಡೌನ್ ಸಮಯದಲ್ಲಿ, ಕೆ.ಎಸ್. ನಿಸಾರ್ ಅಹಮದ್ ತೀರಿಕೊಂಡ ಸುದ್ದಿ ಕೇಳಿದಾಗ ನನಗೆ ಕವಿಗಿಂತ ಮೊದಲು ಈ ಮೇಷ್ಟ್ರು ನೆನಪಾದರು.

ಈಗ ದೂರಿನ ಮಾತು. ಇದನ್ನು ಬರೆಯಲು ಸ್ವಲ್ಪ ಸಂಕೋಚ, ಆದರೆ ಹೆಂಗಸರ ಪತ್ರಿಕೆಯಲ್ಲಿ ಬರೆಯದಿದ್ದರೆ ಇನ್ನೆಲ್ಲಿ ಬರೆಯುವುದು? ಹುಡುಗಿಯರಿಗೆಂದು ಇದ್ದ ಶೌಚಾಲಯಕ್ಕೆ ಬಾಗಿಲಿತ್ತು, ಚಿಲಕವಿರಲಿಲ್ಲ, ನೀರಂತೂ ಇರಲೇ ಇಲ್ಲ. ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟರೆ ಸಂಜೆ ಐದೂವರೆಗೆ ಮನೆ. ಅಲ್ಲಿಯವರೆಗೆ ನೀರು ಕುಡಿಯದೆ ಇರುವುದನ್ನು ನಾವು ಅಭ್ಯಾಸ ಮಾಡಿಕೊಂಡೆವು. ತಿಂಗಳಲ್ಲಿ ಮೂರು ನಾಲ್ಕು ದಿನ ಹೋಗುತ್ತಲೇ ಇರಲಿಲ್ಲ. ಹಾಜರಿ ಪುಸ್ತಕದಲ್ಲಿ "ಜ್ವರ" ಎಂದು ಬರೆಯಲಾಗುತ್ತಿತ್ತು. ವರ್ಷಕ್ಕೆ ಮೂವತ್ತು ದಿನ ಹೀಗೆ ಹೋದರೆ ಗಣಿತದಲ್ಲಿ ಹಿಂದೆ ಬೀಳುವುದು ಹುಡುಗಿಯ ಬುದ್ಧಿಯ ದೋಷವೇ? ಇವತ್ತಿಗೂ ನಾನು ಯಾವುದೇ ಶಾಲೆಗೆ ಹೋದರೆ ಮೊದಲು ಗ್ರಂಥಾಲಯ ನೋಡುವುದಿಲ್ಲ, ಹಿಂಬದಿಗೆ ಹೋಗಿ ಚಿಲಕ ನೋಡುತ್ತೇನೆ.

ಓಢಣಿಯ ಬಗ್ಗೆ ಮಾತ್ರ ಆಗ ಯಾರೂ ಏನೂ ಕೇಳಲಿಲ್ಲ. ಸಮವಸ್ತ್ರ ನೀಲಿ ಲಂಗ, ಬಿಳಿ ಅಂಗಿ. ನಾವು ನೀಲಿ ಸಲ್ವಾರ್ ಹೊಲಿಸಿಕೊಂಡು ಬಿಳಿ ಓಢಣಿಯನ್ನು ತಲೆಗೆ ಹಾಕಿಕೊಂಡು ಹೋದೆವು. ಎಚ್.ಎಂ. ಮೇಡಂ ಒಮ್ಮೆ ನೋಡಿ, "ದಿನಾ ಒಗೆದು ಹಾಕ್ಕೋಬೇಕು" ಎಂದರು. ನಿಯಮ ಎಂದರೆ ಅಷ್ಟೇ ಇತ್ತು. ಹಾಗಾಗಿ 2022ರ ಆರಂಭದಲ್ಲಿ ಉಡುಪಿಯಿಂದ ಹಬ್ಬಿದ ವಿವಾದ, ಫೆಬ್ರವರಿ 5ರ ಸರ್ಕಾರಿ ಆದೇಶ, ಮಾರ್ಚ್ 15ರ ಹೈಕೋರ್ಟ್ ತೀರ್ಪು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ನೀಡಿದ ಎರಡು ಭಿನ್ನ ತೀರ್ಪು, ಇವೆಲ್ಲವನ್ನೂ ಓದುವಾಗ ನನಗೆ ಬೇರೆ ಯಾವುದೋ ನಾಡಿನ ಸುದ್ದಿ ಓದುತ್ತಿದ್ದಂತಾಗುತ್ತಿತ್ತು. ತುಮಕೂರಿನಲ್ಲೂ ಹುಡುಗಿಯರು ಗೇಟಿನ ಹೊರಗೆ ನಿಂತ ದಿನಗಳಿದ್ದವು. ಕಾನೂನಿನ ಚರ್ಚೆ ಕಾನೂನು ಬಲ್ಲವರಿಗಿರಲಿ. ನನಗೆ ಕಂಡದ್ದು ಇಷ್ಟು: ಮಗಳನ್ನು ಕಳಿಸಲೋ ಬೇಡವೋ ಎಂದು ಅನುಮಾನಿಸುತ್ತಿದ್ದ ಮನೆಗಳಿಗೆ ಒಂದು ಕಾರಣ ಬೇಕಿತ್ತು, ಅದು ಸಿಕ್ಕಿತು. ಆ ವರ್ಷ ಮನೆಯಲ್ಲಿ ಉಳಿದ ಹುಡುಗಿಯರಲ್ಲಿ ಮರಳಿ ಹೋಗದವರು ನನ್ನ ಪರಿಚಯದಲ್ಲೇ ಇದ್ದಾರೆ.

ನಮ್ಮ ಮೂವರಲ್ಲಿ ಒಬ್ಬಳು ಒಂಬತ್ತನೆಯ ತರಗತಿಯ ಅರ್ಧಕ್ಕೇ ನಿಂತಳು. ಲೆಕ್ಕದಲ್ಲಿ ಅವಳ ಸಮ ಯಾರೂ ಇರಲಿಲ್ಲ. ಮೇಷ್ಟ್ರು ಬೋರ್ಡಿನ ಮೇಲೆ ಬರೆದು ಮುಗಿಸುವಷ್ಟರಲ್ಲಿ ಇವಳ ಬಳಿ ಉತ್ತರ ಸಿದ್ಧವಿರುತ್ತಿತ್ತು. ಅವಳ ತಂದೆಗೆ ಕಾಯಿಲೆಯಾಯಿತು, ಮನೆ ಬೀಡಿಯ ಮೇಲೆ ನಿಂತಿತು. ತುಮಕೂರಿನ ಮೊಹಲ್ಲಾಗಳಲ್ಲಿ ಬೀಡಿ ಕಟ್ಟುವುದನ್ನು ನೋಡಿದವರಿಗೆ ಗೊತ್ತು. ಎಲೆ ನೆನೆಹಾಕಬೇಕು, ಅಳತೆಗೆ ಕತ್ತರಿಸಬೇಕು, ಹೊಗೆಸೊಪ್ಪು ತುಂಬಿ ಸುತ್ತಿ, ತುದಿ ಮಡಚಿ, ದಾರ ಕಟ್ಟಬೇಕು. ತೊಡೆಯ ಮೇಲೆ ಮೊರ, ಇಡೀ ದಿನ ಬಗ್ಗಿದ ಬೆನ್ನು. ಸಾವಿರ ಬೀಡಿಗೆ ಇಷ್ಟು ಎಂದು ಕೂಲಿ. ಎಲೆ ಹಾಳಾದರೆ, ಬೀಡಿ ಸಡಿಲವಾದರೆ ಅದರಲ್ಲೂ ಕಡಿತ. ನಾನು ಭಾನುವಾರ ಅವಳ ಮನೆಗೆ ನೋಟ್ಸ್ ಕೊಡಲು ಹೋದರೆ ಅವಳು ಬೀಡಿ ಸುತ್ತುತ್ತಲೇ, ನೋಟ್ ಪುಸ್ತಕ ನೋಡದೆಯೇ, ನನ್ನ ಬೀಜಗಣಿತದ ತಪ್ಪು ಹೇಳುತ್ತಿದ್ದಳು. ಎರಡು ತಿಂಗಳ ಮೇಲೆ, "ಇನ್ನು ತರಬೇಡ" ಎಂದಳು. ಕೋಪದಿಂದ ಹೇಳಿದ್ದಲ್ಲ. ಪುಸ್ತಕ ನೋಡಿದ ದಿನ ಸಾವಿರ ಮುಗಿಯುತ್ತಿರಲಿಲ್ಲವಂತೆ.

1995ರ ಬೇಸಿಗೆಯಲ್ಲಿ ಗೌಡರ ಮನೆಯ ಗೆಳತಿ ಎಸ್ಸೆಸ್ಸೆಲ್ಸಿ ಪಾಸಾದಳು. ಅವಳು ಕಾಲೇಜಿಗೆ, ಬೇರೆ ಸಮಯಕ್ಕೆ, ಬೇರೆ ದಾರಿಗೆ. ಉಳಿದ ನಮ್ಮವಳಿಗೆ ಕುಣಿಗಲ್ ಕಡೆ ಸಂಬಂಧ ಗೊತ್ತಾಯಿತು. ಹತ್ತನೆಯ ತರಗತಿಗೆ ನಾನೊಬ್ಬಳೇ. ಒಬ್ಬಳನ್ನೇ ಕಳಿಸುವುದಿಲ್ಲ ಎಂಬ ಅಬ್ಬಾ ಮಾತು ಮತ್ತೆ ಎದ್ದು ನಿಂತಿತು. ಒಂದು ವರ್ಷಕ್ಕಾಗಿ ಎರಡು ವರ್ಷ ನೀರಲ್ಲಿ ಹೋಮವಾಗುವ ಹಾಗಿತ್ತು.

ಆಗ ಅಮ್ಮೀ ಮಾಡಿದ ಕೆಲಸ ನನಗೆ ಈಗ ಇನ್ನೂ ದೊಡ್ಡದಾಗಿ ಕಾಣುತ್ತದೆ. ಆ ಮೇ ತಿಂಗಳ ಮಧ್ಯಾಹ್ನಗಳಲ್ಲಿ ಬುರ್ಖಾ ಹಾಕಿಕೊಂಡು ಮನೆ ಮನೆಗೆ ಹೋದರು. ಏಳನೆಯದು ಮುಗಿಸಿದ ಹುಡುಗಿಯರು ಯಾವ ಯಾವ ಮನೆಯಲ್ಲಿದ್ದಾರೆಂದು ವಿಚಾರಿಸಿ, ಅವರ ತಾಯಂದಿರ ಜೊತೆ ಅಡುಗೆಮನೆಯಲ್ಲಿ ಕುಳಿತರು. ಶಿಕ್ಷಣದ ಮಹತ್ವದ ಬಗ್ಗೆ ಒಂದು ಮಾತೂ ಆಡಲಿಲ್ಲ. ಅದನ್ನು ಹೇಳಲು ಅವರಿಗೆ ಬರುತ್ತಲೂ ಇರಲಿಲ್ಲ. "ನನ್ನ ಮಗಳು ದೊಡ್ಡವಳು, ಹತ್ತನೇ ಕ್ಲಾಸು. ನಿನ್ನ ಮಗಳ ಕೈ ಹಿಡಿದು ಕರೆದುಕೊಂಡು ಹೋಗುತ್ತಾಳೆ, ಕೈ ಹಿಡಿದು ವಾಪಸ್ ತರುತ್ತಾಳೆ. ಜವಾಬ್ದಾರಿ ನಂದು" ಎಂದರು. ಐದು ಮನೆಗಳಲ್ಲಿ ಮೂರು ಮನೆಯವರು ಆಗುವುದಿಲ್ಲ ಎಂದರು, ಇಬ್ಬರು ಹೂಂ ಎಂದರು. ತನ್ನ ಮಗಳಿಗೆ ಜೊತೆ ಬೇಕಿತ್ತು. ಆ ಸ್ವಾರ್ಥದಿಂದ ಇನ್ನಿಬ್ಬರು ಹುಡುಗಿಯರು ಹೈಸ್ಕೂಲು ಕಂಡರು. ಅವರಲ್ಲಿ ಒಬ್ಬಳು ಇವತ್ತು ನರ್ಸ್. ನನ್ನ ಹೆಸರು ಹೇಳುವುದಿಲ್ಲ, ಸಿಕ್ಕಿದಾಗಲೆಲ್ಲ "ಖಾಲಾ ಹೇಗಿದ್ದಾರೆ?" ಎಂದು ಅಮ್ಮೀಯನ್ನೇ ಕೇಳುತ್ತಾಳೆ.

ಆ ವರ್ಷದ ರಮ್ಜಾನ್ 1996ರ ಜನವರಿ ಕೊನೆಯಲ್ಲಿ ಬಂತು. ಪರೀಕ್ಷೆ ಹತ್ತಿರ. ಸಹರಿಗೆ ಎದ್ದವಳು ಮತ್ತೆ ಮಲಗದೆ ಓದುತ್ತಿದ್ದೆ. ನಿಜ ಹೇಳಬೇಕೆಂದರೆ ನನ್ನ ಹೈಸ್ಕೂಲಿನ ಅತಿ ಒಳ್ಳೆಯ ಓದು ಆ ತಿಂಗಳದ್ದೇ. ಮನೆಯಲ್ಲಿ ಎಲ್ಲರೂ ಎದ್ದಿರುತ್ತಿದ್ದರು, ದೀಪ ಉರಿಯುತ್ತಿತ್ತು, ಯಾರೂ "ಕರೆಂಟ್ ದಂಡ" ಎನ್ನುತ್ತಿರಲಿಲ್ಲ. ಪಿ.ಟಿ. ಮೇಷ್ಟ್ರು ಉಪವಾಸದವರನ್ನು ಮರದ ನೆರಳಿಗೆ ಕೂರಿಸಿ ಸ್ಕೋರ್ ಬರೆಸುತ್ತಿದ್ದರು. ಒಂದೇ ತೊಂದರೆ, ಚಳಿಗಾಲದ ಸಂಜೆ. ಸ್ಪೆಷಲ್ ಕ್ಲಾಸ್ ಮುಗಿಸಿ ಹೊರಟರೆ ದಾರಿಯಲ್ಲೇ ಮಗ್ರಿಬ್ ಆಗುತ್ತಿತ್ತು. ಚೀಲದಲ್ಲಿ ಖರ್ಜೂರವಿರುತ್ತಿತ್ತು. ಹೆದ್ದಾರಿಯ ಪಕ್ಕ ಮೂವರು ನಿಂತು, ದೂರದ ಅಜಾನ್‌ಗೆ ಕಿವಿಗೊಟ್ಟು ಇಫ್ತಾರ್ ಮಾಡಿದ್ದು ನೆನಪಿದೆ. ಲಾರಿಗಳ ಸದ್ದಿನಲ್ಲಿ ಅಜಾನ್ ಕೇಳಿಸಿತೋ ಇಲ್ಲವೋ ಎಂದು ಪ್ರತಿದಿನ ಚರ್ಚೆ.

ಎಸ್ಸೆಸ್ಸೆಲ್ಸಿ ನಂತರ ನಾನು ಮದ್ರಸಾಕ್ಕೆ ಹೋದೆ, ಆಲಿಮಾ ಕಲಿತೆ. ಬಿ.ಎ. ಆಮೇಲೆ, ಮದುವೆಯಾದ ಮೇಲೆ, ಮನೆಯಿಂದಲೇ ಓದಿ ಮುಗಿಸಿದ್ದು. ಶಾಲೆಯೋ ಮದ್ರಸಾವೋ ಎಂದು ಇವೆರಡನ್ನೂ ತಕ್ಕಡಿಯ ಎರಡು ತಟ್ಟೆಗಳಲ್ಲಿ ಇಟ್ಟು ನೋಡುವವರಿದ್ದಾರೆ, ನಮ್ಮವರಲ್ಲೂ ಹೊರಗಿನವರಲ್ಲೂ. 2006ರ ಸಾಚಾರ್ ಸಮಿತಿಯ ವರದಿಯನ್ನು ಅವರು ಓದಬೇಕು. ಶಾಲಾ ವಯಸ್ಸಿನ ಮುಸ್ಲಿಂ ಮಕ್ಕಳಲ್ಲಿ ಪೂರ್ಣಾವಧಿ ಮದ್ರಸಾಗಳಲ್ಲಿ ಓದುವವರು ನೂರಕ್ಕೆ ಮೂರು ನಾಲ್ಕು ಮಂದಿ ಮಾತ್ರ ಎಂದು ಅದರಲ್ಲಿದೆ. ಆದರೆ ಆರರಿಂದ ಹದಿನಾಲ್ಕು ವಯಸ್ಸಿನ ಮಕ್ಕಳಲ್ಲಿ ನಾಲ್ವರಲ್ಲಿ ಒಬ್ಬರು ಶಾಲೆಗೆ ಹೋಗಿಯೇ ಇಲ್ಲ, ಇಲ್ಲವೇ ನಡುವೆ ಬಿಟ್ಟಿದ್ದಾರೆ. ಅಂದರೆ ಶಾಲೆಯಲ್ಲಿಲ್ಲದ ಮಕ್ಕಳು ಮದ್ರಸಾದಲ್ಲೂ ಇಲ್ಲ. ಅವರು ಬೀಡಿಯ ಮೊರದ ಮುಂದೆ, ಗ್ಯಾರೇಜಿನಲ್ಲಿ, ತಮ್ಮ ತಂಗಿಯರನ್ನು ಎತ್ತಿಕೊಂಡು ಮನೆಯಲ್ಲಿ ಇದ್ದಾರೆ.

ಮದ್ರಸಾದಲ್ಲಿ ಹದೀಸ್ ಓದುವಾಗ ಒಂದು ಪ್ರಸಂಗ ನನ್ನನ್ನು ಹಿಡಿದು ನಿಲ್ಲಿಸಿತು. ಗಂಡಸರೇ ಸದಾ ತಮ್ಮನ್ನು ಸುತ್ತುವರಿದಿರುತ್ತಾರೆ, ನಮಗೂ ಒಂದು ದಿನ ಗೊತ್ತುಪಡಿಸಿ ಎಂದು ಮದೀನಾದ ಸ್ತ್ರೀಯರು ಪ್ರವಾದಿಯವರಲ್ಲಿ(ಸ) ಕೇಳಿಕೊಂಡರು. ಅವರು ದಿನ ಗೊತ್ತುಪಡಿಸಿದರು, ಅಂದು ಅವರ ಬಳಿಗೆ ಬಂದು ಕಲಿಸಿದರು. ಬುಖಾರಿಯಲ್ಲಿ ಇದು ದಾಖಲಾಗಿದೆ. ಕಲಿಯುವುದು ಕಡ್ಡಾಯ ಎಂಬುದನ್ನು ನಾವು ಎಲ್ಲ ಭಾಷಣಗಳಲ್ಲೂ ಕೇಳುತ್ತೇವೆ. ಆದರೆ ಇಲ್ಲಿ ಇನ್ನೊಂದು ವಿಷಯವಿದೆ. ಆ ಸ್ತ್ರೀಯರಿಗೆ ಇದ್ದ ಅಡಚಣೆ ಏನೆಂದು ಕೇಳಿ, ಅದಕ್ಕೆ ತಕ್ಕ ಏರ್ಪಾಡು ಮಾಡಲಾಯಿತು. ಉಪದೇಶಕ್ಕೆ ಮುಂಚೆ ಏರ್ಪಾಡು.

ಈ ಏರ್ಪಾಡಿನ ಕಷ್ಟವನ್ನು ಬೇಗಂ ರುಕಿಯಾರಷ್ಟು ಅನುಭವಿಸಿದವರು ಕಡಿಮೆ. ಬಂಗಾಳದ ಈ ಮಹಿಳೆ 1911ರಲ್ಲಿ ಕೋಲ್ಕತಾದಲ್ಲಿ ಎಂಟು ಹುಡುಗಿಯರೊಂದಿಗೆ, ತೀರಿಹೋದ ಪತಿ ಸಖಾವತ್ ಹುಸೇನರ ಹೆಸರಿನಲ್ಲಿ ಶಾಲೆ ನಡೆಸತೊಡಗಿದರು. ಪರ್ದಾ ಮನೆತನದ ಮಕ್ಕಳನ್ನು ಕರೆತರಲು ಗಾಡಿ ಬೇಕಾಯಿತು. ಎಲ್ಲ ಕಡೆ ಮುಚ್ಚಿದ ಗಾಡಿ ಮಾಡಿಸಿದರೆ ಒಳಗೆ ಗಾಳಿಯಿಲ್ಲದೆ ಮಕ್ಕಳು ವಾಂತಿ ಮಾಡಿಕೊಂಡರು, ಎಚ್ಚರ ತಪ್ಪಿದರು. ಕಿಟಕಿ ತೆಗೆಸಿ ಪರದೆ ಹಾಕಿಸಿದರೆ, ಗಾಳಿಗೆ ಪರದೆ ಹಾರುತ್ತದೆ, ಇದು ಬೇಪರ್ದಾ ಎಂದು ಪತ್ರಗಳು ಬಂದವು. ಪಾಪ, ಎತ್ತ ಹೋದರೂ ಏಟು! ಆದರೂ ಅವರು ಗಾಡಿಯನ್ನೂ ನಿಲ್ಲಿಸಲಿಲ್ಲ, ಶಾಲೆಯನ್ನೂ ನಿಲ್ಲಿಸಲಿಲ್ಲ. 1932ರಲ್ಲಿ ಅವರು ತೀರಿಕೊಂಡ ಮೇಲೂ ಅದು ನಡೆಯಿತು.

ಇದು ನಮ್ಮ ಸಮುದಾಯದ್ದೇ ಸಮಸ್ಯೆ ಎಂದು ತಲೆ ತಗ್ಗಿಸಬೇಕಾಗಿಲ್ಲ. ಯುರೋಪಿನ ಐರ್ಲೆಂಡ್ ದೇಶದಲ್ಲೂ 1960ರ ದಶಕದವರೆಗೆ ಪ್ರಾಥಮಿಕ ಶಾಲೆ ಮುಗಿಸಿದ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಬ್ಬರ ಓದು ಅಲ್ಲಿಗೇ ನಿಲ್ಲುತ್ತಿತ್ತು. ಡೊನೊ ಒ'ಮ್ಯಾಲಿ ಎಂಬ ಶಿಕ್ಷಣ ಮಂತ್ರಿ 1966ರಲ್ಲಿ ಪ್ರೌಢಶಾಲೆ ಉಚಿತವೆಂದು ಘೋಷಿಸಿದರು, 1967ರಲ್ಲಿ ಜಾರಿಗೆ ಬಂತು. ಅದರ ಜೊತೆಗೇ ಶಾಲೆಯಿಂದ ಮೂರು ಮೈಲಿಗಿಂತ ದೂರವಿರುವ ಮಕ್ಕಳಿಗೆ ಉಚಿತ ಬಸ್ಸನ್ನೂ ಕೊಟ್ಟರು. ನನ್ನ ಗಮನ ಸೆಳೆದದ್ದು ಆ ಮೂರು ಮೈಲಿ. ಅಂತರಸನಹಳ್ಳಿಯಿಂದ ನಮ್ಮ ಶಾಲೆಗೆ ಹೆಚ್ಚುಕಡಿಮೆ ಅಷ್ಟೇ ದೂರ!

ನಮ್ಮ ರಾಜ್ಯದಲ್ಲೂ ಇದು ಯಾರಿಗೂ ಹೊಳೆಯಲಿಲ್ಲವೆಂದಲ್ಲ. 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಬಂತು. ಸರಿಯಾಗಿ ಎಂಟನೆಯ ತರಗತಿಗೇ! ಸಲ್ವಾರ್ ಓಢಣಿಯಲ್ಲಿ ಸೈಕಲ್ ತುಳಿಯುವ ಹುಡುಗಿಯರನ್ನು ಶಿರಾ ರಸ್ತೆಯ ಬದಿಯಲ್ಲಿ ಮೊದಲ ಸಲ ನೋಡಿದ ದಿನ ನಾನು ಆಟೋ ನಿಲ್ಲಿಸಿ ನೋಡಿದೆ. ಕೆಲವು ಹಿರಿಯರಿಗೆ ಅದು ಸರಿಬರಲಿಲ್ಲ. ಆದರೆ ವರ್ಷ ಎರಡು ವರ್ಷದಲ್ಲಿ ಅದೇ ಹಿರಿಯರು ಮೊಮ್ಮಗಳ ಸೈಕಲ್ಲಿಗೆ ಗಾಳಿ ಹೊಡೆಯುವುದನ್ನೂ ಕಂಡೆ. ಕೋವಿಡ್ ಬಂದ ಮೇಲೆ ಸೈಕಲ್ ವಿತರಣೆ ನಿಂತಿತು. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾಗಿ ಸರ್ಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲವಾಯಿತು. ಖರ್ಚಿನ ತೊಂದರೆ ಅದರಿಂದ ನೀಗಿತು. ನೂಕುನುಗ್ಗಲಿನ ತೊಂದರೆ ನೀಗಲಿಲ್ಲ.

ಈಗ ಏಳನೆಯ ತರಗತಿಯ ನಂತರ ಬಿಡಿಸುವ ಮನೆಗಳು ಮೊದಲಿನಷ್ಟಿಲ್ಲ. ನನ್ನ ಬಳಿ ಓದಿದ ಹುಡುಗಿಯರಲ್ಲಿ ಹೆಚ್ಚಿನವರು ಹತ್ತನೆಯದು ಮುಗಿಸುತ್ತಾರೆ, ಅಲ್‌ಹಮ್ದುಲಿಲ್ಲಾಹ್. ಆದರೆ ಇನ್ನೂ ಬಿಡುವವರಿದ್ದಾರೆ. ಕಾರಣ ಕೇಳಿದರೆ ಮೊದಲು ಸಿಗುವ ಉತ್ತರ ಒಂದು, ಮೂರನೆಯ ಸಲ ಹೋಗಿ ಚಹಾ ಕುಡಿದ ಮೇಲೆ ಸಿಗುವ ಉತ್ತರ ಇನ್ನೊಂದು. "ಅವಳಿಗೇ ಆಸಕ್ತಿ ಇಲ್ಲ ಆಪಾ" ಎಂದ ಮನೆಯಲ್ಲಿ ಕೊನೆಗೆ ತಿಳಿದದ್ದು, ತಿರುವಿನ ಅಂಗಡಿಯ ಮುಂದೆ ಹುಡುಗರು ನಿಲ್ಲುತ್ತಾರೆ ಎಂದು. ಅಂಗಡಿಯವರಿಗೆ ಮಸೀದಿಯ ಜಮಾಅತಿನವರಿಂದ ಒಂದು ಮಾತು ಹೇಳಿಸಿದೆವು, ಹುಡುಗಿ ಶಾಲೆಗೆ ಬಂದಳು. ಎಲ್ಲವೂ ಇಷ್ಟು ಸುಲಭವಾಗಿ ಮುಗಿಯುವುದಿಲ್ಲ. ಕೈಯಲ್ಲಿರುವ ಮೊಬೈಲ್ ಫೋನಿಗೆ ಯಾವ ಜಮಾಅತಿನಿಂದ ಹೇಳಿಸುವುದು?

ಲೆಕ್ಕದ ಗೆಳತಿಯ ಬಗ್ಗೆ ಕೇಳುವವರಿರಬಹುದು. ಅವಳು ಇಲ್ಲೇ ಇದ್ದಾಳೆ. ಬೀಡಿ ಬಿಟ್ಟು ಹತ್ತು ವರ್ಷವಾಯಿತು, ಕೆಮ್ಮು ಬಿಟ್ಟಿಲ್ಲ. ಮಗಳು ಬಿ.ಕಾಂ. ಓದುತ್ತಿದ್ದಾಳೆ. ಮಗಳ ಅಕೌಂಟ್ಸ್ 'ಟ್ಯಾಲಿ' ಆಗದಿದ್ದರೆ ತಾಯಿ ಅಡುಗೆಮನೆಯಿಂದಲೇ ಎಲ್ಲಿ ತಪ್ಪಿದೆಯೆಂದು ಹೇಳುತ್ತಾಳಂತೆ.

ಪ್ರತಿ ವರ್ಷ ಮೇ ತಿಂಗಳಲ್ಲಿ ನಾನು ಎಂಟನೆಯ ತರಗತಿಗೆ ಹೋಗಬೇಕಾದ ಹುಡುಗಿಯರ ಪಟ್ಟಿ ಮಾಡುತ್ತೇನೆ. ಅಂಕದ ಪ್ರಕಾರವಲ್ಲ, ಅಕ್ಷರಮಾಲೆಯ ಪ್ರಕಾರವೂ ಅಲ್ಲ, ಗಲ್ಲಿಯ ಪ್ರಕಾರ. ಒಂದು ಗಲ್ಲಿಯಲ್ಲಿ ಇಬ್ಬರಿದ್ದರೆ ಚಿಂತೆಯಿಲ್ಲ, ಒಬ್ಬಳೇ ಇದ್ದರೆ ಹೆಸರಿನ ಕೆಳಗೆ ಗೆರೆ ಎಳೆಯುತ್ತೇನೆ. ಈ ಸಲದ ಪಟ್ಟಿಯಲ್ಲಿ ಅಂಥ ಗೆರೆಗಳು ನಾಲ್ಕು. ಮೂವರಿಗೆ ಜೊತೆ ಸಿಕ್ಕಿದ್ದಾರೆ. ನಾಲ್ಕನೆಯವಳ ಮನೆ ಮಾರುಕಟ್ಟೆಯ ಹಿಂಬದಿಗೆ, ಸ್ವಲ್ಪ ಒಂಟಿ. ಅದರಾಚೆ ಹೊಸದಾಗಿ ಬಾಡಿಗೆಗೆ ಬಂದ ಗುಬ್ಬಿಯ ಕಡೆಯವರ ಮನೆಯಲ್ಲಿ ಅದೇ ವಯಸ್ಸಿನ ಹುಡುಗಿಯೊಬ್ಬಳು ಇದ್ದಾಳಂತೆ. ಬರುವ ಭಾನುವಾರ ಅಸರ್ ನಮಾಜ್ ಮುಗಿಸಿ ಅವರ ಮನೆಗೆ ಹೋಗುವುದಿದೆ.